ಮನಾಂಗ್ ಸಾಬಿನಾ ಮತ್ತು ಮೂರು ತುಂಡಿನ ಗೆರೆ

ಸಾಬಿನಾಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಆದರೆ ನಮ್ಮ ಬೆಂಗೆಟ್ ಬೆಟ್ಟದಲ್ಲಿ ಅಪ್ಪ ಅಮ್ಮ ಕೋಸಿನ ಹೊಲಕ್ಕೆ ಇಳಿದರೆ, ಊರಿನ ಚಿಳ್ಳೆಪಿಳ್ಳೆಗಳೆಲ್ಲ ಅವಳ ಶಿಶುವಿಹಾರದಲ್ಲೇ. ಊರಿಗೆಲ್ಲ ಅವಳು ಮನಾಂಗ್, ಅಕ್ಕ. ಹೈಸ್ಕೂಲು ಮುಗಿಸದವರು ಇನ್ನು ಶಿಶುವಿಹಾರ ನಡೆಸುವಂತಿಲ್ಲ ಎಂದು ಹೊಸ ನಿಯಮ ಬಂತು ನೋಡಿ, ಐವತ್ತು ದಾಟಿದ ಹೆಂಗಸು, ಹೈಸ್ಕೂಲು ಬಿಟ್ಟ ದೊಡ್ಡವರಿಗೆಂದು ನಾನು ನಡೆಸುವ ಶನಿವಾರದ ತರಗತಿಗೆ ಬಂದು ಕೂತಳು. ಬೇರೆಲ್ಲ ಪಾಸಾಯಿತು. ಉಳಿದದ್ದು ಗಣಿತ.

ಹಲಗೆಯ ಮೇಲೆ ಮೂರು ತುಂಡಿನ ಸೂತ್ರ ಬರೆದಿದ್ದೆ. ಮನೆಯಿಂದ ಹೊರಟವನು ಮೊದಲು ಗಂಟೆಗೆ ಮೂರು ಕಿಲೋಮೀಟರ್ ನಡೆದ, ಆಮೇಲೆ ಒಂದು ಗಂಟೆ ಕೂತ, ಕೊನೆಗೆ ಗಂಟೆಗೆ ಒಂದೇ ಕಿಲೋಮೀಟರ್ ಮುಂದೆ ಹೋದ. ಪಕ್ಕದಲ್ಲಿ ನಾಲ್ಕು ನಕ್ಷೆ, ಅಡ್ಡಕ್ಕೆ ಸಮಯ, ಮೇಲಕ್ಕೆ ಮನೆಯಿಂದ ದೂರ. ಯಾವುದು ಇದರ ಜೋಡಿ? ಸಾಬಿನಾ ಕೊನೆಯಲ್ಲಿ ಕಡಿದಾಗಿ ಏರುವ ಗೆರೆಗೆ ಬೆರಳಿಟ್ಟಳು.

"ಅಲ್ಲ ಮನಾಂಗ್, ಕೊನೇಲಿ ನಿಧಾನ!"

"ಅದಕ್ಕೇ ಮ್ಯಾಮ್. ಅಷ್ಟು ಏರಿದ್ರೆ ನಿಧಾನಾನೇ ಅಲ್ವಾ? ಬುಟ್ಟಿ ಹೊತ್ಕೊಂಡು ಹತ್ತಿ ನೋಡಿ, ಗೊತ್ತಾಗುತ್ತೆ."

"ಅಯ್ಯೋ ಮಾರಾಯ್ತಿ, ಇದು ಬೆಟ್ಟ ಅಲ್ಲ, ಗೆರೆ!" ನಾನು ಕಿರುಚಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡಲಿ. ತರಗತಿ ಘೊಳ್ಳೆಂದಿತು. ಅವಳೂ ನಕ್ಕಳು, ಆದರೆ ಕಣ್ಣು ತುಂಬಿತ್ತು.

ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಈ ಗೋಡೆಯಿಂದ ಆ ಗೋಡೆಗೆ ನಡೆ ಎಂದೆ. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಹಲಗೆಯ ಮೇಲೆ ಸೀಮೆಸುಣ್ಣ ಒಂದು ಚೌಕ ಬಲಕ್ಕೆ, ಅವಳು ಎಷ್ಟು ದೂರ ಹೋಗಿದ್ದಳೋ ಅಷ್ಟು ಮೇಲಕ್ಕೆ. ಬಿರಬಿರನೆ ನಡೆದಳು, ಗೆರೆ ಜಿಗಿದು ಏರಿತು. ಬೆಂಚಿನ ಮೇಲೆ ಕೂತಳು, ಗೆರೆ ಅಡ್ಡಡ್ಡ ಹೋಯಿತು.

"ನಾನು ಕೂತಿದೀನಿ, ಅದ್ಯಾಕೆ ಹೋಗ್ತಿದೆ?"

"ನೀನು ಕೂತ್ರೆ ಗಡಿಯಾರಾನೂ ಕೂರುತ್ತಾ?"

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಎದ್ದು ಮೆಲ್ಲಗೆ ನಡೆದು, ಗೆರೆ ಒರಗಿಕೊಂಡು ಏರುವುದನ್ನು ತಿರುತಿರುಗಿ ನೋಡಿದಳು. "ಇನ್ನೊಂದ್ ಸಲ ಮ್ಯಾಮ್" ಎಂದಳು. ಅವತ್ತು ನನ್ನ ಅಂಗೈ ಕೆಂಪಾಯಿತು.

ಪರೀಕ್ಷೆಗೆ ಪಟ್ಟಣದಿಂದ ಬಂದ ಅಧಿಕಾರಿ, ಪುಣ್ಯಾತ್ಮ, ಬೇರೆಯದೇ ನಕ್ಷೆ ಇಟ್ಟು, ಪಕ್ಕದ ನಾಲ್ಕು ಸೂತ್ರಗಳಲ್ಲಿ ಇದರ ಜೋಡಿ ಯಾವುದು ಎಂದ. ಮೊದಲು ಕಡಿದಾದ ಏರು, ನಡುವೆ ಸಮ, ಆಮೇಲೆ ಸೊನ್ನೆಯವರೆಗೂ ಉದ್ದಕ್ಕೆ ಓರೆಯಾಗಿ ಇಳಿಯುವ ಗೆರೆ. ಇಳಿಯುವ ಗೆರೆಯನ್ನು ನಾನು ಅವಳಿಗೆ ತೋರಿಸಿಯೇ ಇರಲಿಲ್ಲ! ಬೆಟ್ಟ ಇಳಿದ ಎಂದುಬಿಟ್ಟರೆ ಮುಗಿಯಿತು. ನಾನು ಬಾಗಿಲ ಬಳಿ ನಿಂತು ಇಣುಕುತ್ತಿದ್ದೆ.

ಅವಳು ಗೆರೆಯ ಉದ್ದಕ್ಕೂ ಬೆರಳಾಡಿಸಿದಳು. ಆಮೇಲೆ ಸರಿಯಾದ ಸೂತ್ರದ ಮೇಲೆ ಬೆರಳಿಟ್ಟಳು.

"ಹೇಗೆ ಗೊತ್ತಾಯ್ತು?" ಅಧಿಕಾರಿ ಕೇಳಿದ.

"ಮನೆಯಿಂದ ಎಷ್ಟು ದೂರ ಅನ್ನೋದು ಕಮ್ಮಿಯಾಗ್ತಿದೆ ಸರ್, ವಾಪಸ್ ಬರ್ತಿದಾನೆ. ಹೋಗುವಾಗ ಗಂಟೆಗೆ ಮೂರು, ಬರುವಾಗ ಗಂಟೆಗೆ ಒಂದೇ. ಜೊತೇಲಿ ಮಗು ಇದೆ."

"ಮಗುನಾ? ಪ್ರಶ್ನೇಲಿ ಮಗು ಇಲ್ವಲ್ಲ!"

"ಮತ್ಯಾಕ್ ಸರ್ ಅಷ್ಟು ನಿಧಾನ? ಪುಟ್ಟ ಕಾಲು, ಪಾಪ. ಅದರ ಹೆಜ್ಜೆಗೆ ಇವನು ಹೆಜ್ಜೆ ಹಾಕ್ತಿದಾನೆ."

ಅಧಿಕಾರಿ ನಗುತ್ತಲೇ ಪಾಸು ಎಂದು ಬರೆದ. ಹೊರಗೆ ಬಂದವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಕ್ಕಳು ನನ್ ಹತ್ರಾನೇ ಇರ್ತಾರಲ್ವಾ ಮ್ಯಾಮ್?"

"ಇರ್ತಾರೆ ಮನಾಂಗ್" ಎಂದೆ. ಆಮೇಲೆ ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆವು.