ಬಾಯಿಪಾಠವಾದ ನಾಲ್ಕನೆಯ ಸಾಲು

ಆ ಅಕ್ಷರಗಳನ್ನು ನಾನಾಗಿಯೇ ಬರೆದುಕೊಟ್ಟೆನೋ, ಪಕ್ಕದ ಮನೆಯ ಮಾವ ಕೇಳಿದ್ದಕ್ಕೆ ಬರೆದುಕೊಟ್ಟೆನೋ, ಈಗ ಖಚಿತವಾಗಿ ಹೇಳಲಾರೆ. ಹೋದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನ ಕನ್ನಡಕದ ಅಂಗಡಿಯಲ್ಲಿ ಕುಳಿತಿದ್ದೆ. ಎದುರಿನ ಗೋಡೆಯಲ್ಲಿ ಇಂಗ್ಲಿಷ್ ಅಕ್ಷರಗಳ ಹಲಗೆ. ಅಂಗಡಿಯವರು ನಾಲ್ಕನೆಯ ಸಾಲು ಓದಿ ಎಂದರು. ಒಂದೂ ತಪ್ಪಿಲ್ಲದೆ ಹೇಳಿಬಿಟ್ಟೆ. ಆದರೆ ಆ ಸಾಲು ನನಗೆ ಕಾಣುತ್ತಲೇ ಇರಲಿಲ್ಲ... ಎಂದೋ ಕಲಿತ ಬಾಯಿಪಾಠ ಒಪ್ಪಿಸಿದ್ದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ವರ್ಷಗಳು. ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯವರು ಕಾಡಿನಿಂದ ಕಬ್ಬಿಣದ ಕಾರ್ಖಾನೆಗೆ ಸೌದೆ ತರುವ ಟ್ರಾಮ್ ಎಂಬ ಸಣ್ಣ ರೈಲಿನ ಡ್ರೈವರು, ಸರ್ಕಾರಿ ನೌಕರರು. ಅವರನ್ನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದರೆ ಸಂಜೆ ಅವರ ಜಗುಲಿಯ ಮೇಲೆ ನನ್ನ ಭಾಷಣ.

ಆ ಬೇಸಿಗೆಯ ಹೊತ್ತಿಗೆ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲಿದೆಯೆಂದು ಬೆರಳಿನಿಂದ ತಡಕುತ್ತಿದ್ದರು. ಪೂರ್ತಿ ಪೆನ್ಷನ್ನಿಗೆ ಇನ್ನೂ ಎರಡು ವರ್ಷ ಬಾಕಿ. ಅಷ್ಟರಲ್ಲಿ ಡ್ರೈವರುಗಳಿಗೆಲ್ಲ ಕಣ್ಣಿನ ಪರೀಕ್ಷೆ ಎಂದು ನೋಟೀಸು ಬಂತು.

"ಕಣ್ಣು ಹೋಯ್ತು ಅಂತ ಈಗ್ಲೇ ಬಿಟ್ರೆ ಏನಾದ್ರೂ ಕೊಡ್ತಾರೇನೋ ಮಾರಾಯ?" ಎಂದು ಕೇಳಿದರು.

ನಾನು ಓದಿದ್ದನ್ನೆಲ್ಲ ಹೇಳಿದೆ. ಪೆನ್ಷನ್ನಿಗೂ ಆಸ್ಪತ್ರೆಯ ಔಷಧಿಗೂ ಸರ್ಕಾರ ದುಡ್ಡು ತರುವುದು ತೆರಿಗೆಯಿಂದ, ಅದರಲ್ಲಿ ಹೆಂಡ ಸಾರಾಯಿಯ ಅಬಕಾರಿಯದು ದೊಡ್ಡ ಪಾಲು ಎಂದೆ.

"ಹಂಗಾದ್ರೆ ನಾನು ಉಣ್ಬೇಕು ಅಂದ್ರೆ ಊರವ್ರು ಕುಡೀಬೇಕು ಅನ್ನು."

"ನೀವೂ ಒಂದಿಷ್ಟು ಕುಡಿದಿದ್ರೆ ಪೆನ್ಷನ್ ಜಾಸ್ತಿ ಬರ್ತಿತ್ತೇನೋ," ಎಂದರು ಅತ್ತೆ ಒಳಗಿನಿಂದ.

ನಗು ನಿಂತ ಮೇಲೂ ನಾನು ನಿಲ್ಲಿಸಲಿಲ್ಲ. ಅಡಿಕೆ ಧಾರಣೆ ಬಿದ್ದಿದೆ, ಜನರ ಕೈಯಲ್ಲಿ ಕಾಸಿಲ್ಲ, ಅಬಕಾರಿಯೂ ಇಳಿದಿದೆ ಎಂದೆ. "ಪೂರ್ತಿ ಸರ್ವಿಸ್ ಮಾಡಿದವ್ರಿಗೆ ಕೊಡೋದೇ ಕಷ್ಟ ಮಾವ. ಮಧ್ಯದಲ್ಲಿ ಬಿಟ್ಟವ್ರಿಗೆ ಎಲ್ಲಿಂದ ತರ್ತಾರೆ? ಒಂದು ಕಾಸೂ ಸಿಗಲ್ಲ." ಯಾವ ನಿಯಮವನ್ನೂ ನಾನು ಓದಿರಲಿಲ್ಲ. ತರ್ಕದಿಂದ ಹೇಳಿದ್ದು. ಈ ಮಾತು ಆಡಿದೆನೋ ಇಲ್ಲವೋ ಎಂದು ಅನುಮಾನಪಡಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ.

ಪೊರೆ ತೆಗೆಸಲು ಹೋದರೆ ವಿಷಯ ಬಯಲಾಗುತ್ತದೆಂದು ಮಾವ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅಲ್ಲಿ ತೂಗುಹಾಕಿದ್ದ ಹಲಗೆಯ ಅಕ್ಷರಗಳನ್ನು ನಾನೇ ಹೋಗಿ ಬರೆದುಕೊಂಡು ಬಂದೆ. ಅವರು ಕೇಳಿದ್ದರೆಂದು ನನ್ನ ನೆನಪು. "ನೀನೇ ಹುರುಪಿನಿಂದ ಓಡಿದ್ದು," ಎಂದು ನಮ್ಮಮ್ಮ ಕೊನೆಯವರೆಗೂ ಹೇಳುತ್ತಿದ್ದರು... ಇಂಗ್ಲಿಷ್ ಬಾರದ ಮಾವ ನಾಲ್ಕು ದಿನ ಅದನ್ನು ಉರು ಹೊಡೆದರು. ಕೇಳಿ ಕೇಳಿ ಅತ್ತೆಗೂ ಬಂದುಬಿಟ್ಟಿತ್ತು. ಅಕ್ಕಿ ಆರಿಸುತ್ತ, ಅವರು ತಪ್ಪಿದಲ್ಲಿ ತಿದ್ದುತ್ತಿದ್ದರು. ಮಾವ ಪಾಸಾದರು. ನನ್ನ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟರು.

ಆಮೇಲೆ ಮೂರು ವಾರವಿರಬಹುದು, ಐದಿರಬಹುದು. ನಾನಿನ್ನೂ ಮೈಸೂರಿಗೆ ಹೊರಟಿರಲಿಲ್ಲ. ಗಾಳಿಗೆ ಟ್ರಾಮಿನ ಹಳಿಯ ಮೇಲೆ ಮರ ಬಿದ್ದಿತ್ತು. ಹಾಡಹಗಲು. ಎಂಜಿನ್ ಮಗುಚಿಕೊಂಡಿತು. ಎಂಜಿನ್ನಿನ ಬೆಂಕಿಗೆ ಸೌದೆ ಹಾಕುತ್ತಿದ್ದ ಫೈರ್‌ಮನ್ ಹಾರಿಕೊಂಡು ಉಳಿದ. ಮಾವ ಉಳಿಯಲಿಲ್ಲ. ಅವನು ನಮ್ಮ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ: "ಮರ ಮರ ಅಂತ ಕೂಗ್ದೆ ಸ್ವಾಮಿ. ಎಲ್ಲೋ, ಅಂತ ನನ್ನೇ ಕೇಳಿದ್ರು. ಎದುರಿಗೇ ಇತ್ತು."

ಅತ್ತೆ ಸಾಮಾನು ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟಾಗ, "ಚೆನ್ನಾಗಿ ಓದಪ್ಪ," ಎಂದರು ಅಷ್ಟೆ. ಮತ್ತೆ ಅವರನ್ನು ನೋಡಲಿಲ್ಲ...

ಕನ್ನಡಕದ ಅಂಗಡಿಯವರಿಗೆ ಬೇರೆ ಹಲಗೆ ಇದ್ದರೆ ತನ್ನಿ ಎಂದೆ. ತಂದರು. ಮೂರನೆಯ ಸಾಲಿಗೇ ನಿಂತುಬಿಟ್ಟೆ.

ಮಿಕ್ಕಿದ್ದರಲ್ಲಿ ನನ್ನ ನೆನಪು ತಪ್ಪಿರಬಹುದು. ಒಂದನ್ನು ಮಾತ್ರ, ಬಹಳ ವರ್ಷಗಳ ಮೇಲೆ, ಆ ಕಾಲದ ಸರ್ಕಾರಿ ನಿಯಮಗಳ ಪುಸ್ತಕ ತೆಗೆಸಿ ನೋಡಿದ್ದೇನೆ. ನಂಬಲಾಗದೆ ಇನ್ನೊಂದು ಪ್ರತಿಯಲ್ಲೂ ನೋಡಿದೆ. ಕೆಲಸಕ್ಕೆ ಅನರ್ಹನೆಂದು ಡಾಕ್ಟರು ಬರೆದುಕೊಟ್ಟ ನೌಕರನಿಗೆ, ಅಲ್ಲಿಯವರೆಗಿನ ಸರ್ವಿಸಿಗೆ ತಕ್ಕಂತೆ, ಪೆನ್ಷನ್ ಇತ್ತು.