ಉಡಿಗೆ ಹಾಕಿದ ಗುರೆಳ್ಳು

ಗುರೆಳ್ಳಿನಲ್ಲಿ ಎಣ್ಣೆ ಹೆಚ್ಚಿಸುವುದೇ ಪೂರ್ಣಿಮಾಳ ಬದುಕಾಗಿತ್ತು. ಬೆಳಗಾವಿಯ ಪ್ರಯೋಗಾಲಯದಲ್ಲಿ ಕೂತು, ಬೇರೊಂದು ಗಿಡದ ವಂಶವಾಹಿಯನ್ನು ಗುರೆಳ್ಳಿಗೆ ಸೇರಿಸಿ, ಸತ್ತ ಸಸಿಗಳನ್ನು ಎಸೆದು, ಮತ್ತೆ ಸೇರಿಸಿ, ತಲೆಯಲ್ಲಿ ಬಿಳಿಗೂದಲು ಬಂದವು. ಕೊನೆಗೊಂದು ತಳಿ ಕೈಗೂಡಿತು. ತಾಯಿ ಗಂಗಾದೇವಿ ಮಾತ್ರ, "ಇಷ್ಟ ವರ್ಷ ದುಡದಿ, ಚಟ್ನಿಗಾಗುವಷ್ಟರ ಮನಿಗೆ ತಂದೀಯೇನ?" ಎಂದು ಕಾಡುತ್ತಿದ್ದಳು. ತರುವಂತಿರಲಿಲ್ಲ. ಒಂದು ಕಾಳೂ ಪ್ರಯೋಗದ ಹೊಲದ ಬೇಲಿ ದಾಟಬಾರದೆಂದು ಸರಕಾರದ ಕಟ್ಟಪ್ಪಣೆ.

ಆ ಬೇಲಿ ಇದ್ದದ್ದು ಖಾನಾಪುರದಾಚೆ. ಅಲ್ಲಿ ಕಳೆ ಕಿತ್ತು, ಹಕ್ಕಿ ಕಾಯ್ದವಳು ರೇಣವ್ವ. ರಾಶಿ ಮುಗಿದು ಚೀಲಗಳಿಗೆ ಮೊಹರು ಬೀಳುವ ಹೊತ್ತಿಗೆ ಆಕೆ ಸೆರಗೊಡ್ಡಿ ನಿಂತಳು. ರಾಶಿ ಮಾಡಿದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಪೂರ್ಣಿಮಾ ಎಷ್ಟು ಓದಿದರೂ ಇದೇ ನೆಲದ ಮಗಳು. ಬೇಲಿಯ ಬಾಜು ಬೆಳೆದಿದ್ದ ಸಾದಾ ಗುರೆಳ್ಳಿನ ಸಾಲಿನಿಂದ ಒಂದು ಮುಷ್ಟಿ ಹಾಕಿ, ಇದರಲ್ಲೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪರಾಗ ಹೊತ್ತ ಜೇನುಹುಳು ಸಾಲು ನೋಡಿ ಹೂವಿನ ಮೇಲೆ ಕೂಡುವುದಿಲ್ಲ ಎಂಬುದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮುಲಾಜು ಬುದ್ಧಿಯನ್ನು ನುಂಗಿತು. ಅರೆದು ಚಟ್ನಿ ಮಾಡಿಕೊಳ್ಳಲು ಹೇಳಿ ಕಳಿಸಿದಳು.

ಉಡಿಗೆ ಬಿದ್ದ ಕಾಳನ್ನು ರೇಣವ್ವ ಅರೆಯುವಳೇ? ಅತ್ತೆಯಿಂದ ಬಂದ ಗುರೆಳ್ಳು ಬೀಜದ ಗಡಿಗೆಗೆ ಬೆರೆಸಿಟ್ಟು, ಮಳೆಗಾಲದಲ್ಲಿ ತನ್ನ ತುಂಡು ಹೊಲಕ್ಕೆ ಬಿತ್ತಿದಳು.

ಸೀಗಿ ಹುಣ್ಣಿಮೆಯ ಹೊತ್ತಿಗೆ ಹೊಲ ಹಳದಿಯಾಗಿ ನಿಂತಿತ್ತು. ಸುತ್ತಲಿನ ಬೆಳೆಯ ತಪಾಸಣೆಗೆ ಬಂದವರು ಎಲೆ ಕಿತ್ತು ಪರೀಕ್ಷಿಸಿದರು. ಪ್ರಯೋಗಾಲಯದ ವಂಶವಾಹಿ ರೇಣವ್ವನ ಗಿಡದಲ್ಲಿ ಸಿಕ್ಕಿತು. ಕೊಟ್ಟವಳು ತಾನೇ ಎಂದು ಪೂರ್ಣಿಮಾ ಒಪ್ಪಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಯೋಗ ನಿಂತಿತು. ಹೊಸ ತಳಿಯ ಬೀಜ, ರೇಣವ್ವನ ಹೂಬಿಟ್ಟ ಬೆಳೆ, ಗಡಿಗೆಯಲ್ಲಿ ಉಳಿದಿದ್ದ ಕಾಳು, ಎಲ್ಲವನ್ನೂ ಒಂದೇ ಗುಂಡಿಗೆ ಸುರಿದು ಬೆಂಕಿ ಇಟ್ಟರು.

ಎಣ್ಣೆ ತುಂಬಿದ ಕಾಳು ಚಟಪಟ ಸಿಡಿದು ಧಗಧಗನೆ ಉರಿಯಿತು. ಇಷ್ಟು ವರ್ಷ ಆಕೆ ಸಾಧಿಸಿದ್ದು ಸುಳ್ಳಲ್ಲವೆಂದು ಹೇಳಲು ಆ ಉರಿಯೊಂದೇ ಉಳಿದಿತ್ತು. ಪೂರ್ಣಿಮಾಳಿಗೆ ಅಳು ಬಂತು. ತನ್ನ ಬೀಜಕ್ಕಾಗಿ ಅಳುವುದಕ್ಕೂ ರೇಣವ್ವನ ಎದುರಿಗೆ ನಾಚಿಕೆಯಾಯಿತು.

ರೇಣವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಹೋಗ್ಲಿ ಬಿಡ್ರಿ ಅಕ್ಕಾರ. ಬರೂ ವರ್ಷ ಬಿತ್ತಾಕ ನಮ್ಮ ಅತ್ತಿ ಗುರೆಳ್ಳ ಒಂದ ಮುಷ್ಟಿ ಎಲ್ಲೆರ ಹುಡುಕಿ ಕೊಡ್ರಿ. ನೀವು ಕಲತವರದೀರಿ."

ಪೂರ್ಣಿಮಾ ಹೂಂ ಎಂದಳು. ಆ ಬೀಜ ಇದ್ದದ್ದು ಆ ಗಡಿಗೆಯೊಂದರಲ್ಲೇ.