ಹುಣಸೆ ಮರ ಕಡಿಸಿದ ಅರ್ಜಿ

ನಮ್ಮೂರಿಗೆ ಉದ್ಯಾನ ಬೇಕೆಂದು ಅರ್ಜಿ ಬರೆದ ಮಹಾನುಭಾವ ನಾನೇ. ತೊಂಬತ್ತರ ದಶಕದ ಕೊನೆಯ ಮಾತು. ಸಾಲಿ ಮಾಸ್ತರನಾದ್ದರಿಂದ ಓಣಿಯ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. "ಚಿಕ್ಕ ಮಕ್ಕಳ ಹಿತದೃಷ್ಟಿಯಿಂದ" ಎಂದು ಬರೆದು, ಆ ಮಾತಿನ ಗತ್ತಿಗೆ ನಾನೇ ತಲೆದೂಗಿದ್ದೆ. ಈಗ ಆ ಕೈಗೆ ಬರೆ ಎಳೆಯಬೇಕು ಅನ್ನಿಸುತ್ತದೆ.

ಅರ್ಜಿ ಮಂಜೂರಾಗಿ ಎಂಜಿನಿಯರ್ ಒಬ್ಬ ಬಂದು ನಮ್ಮ ಕಟ್ಟೆಯ ಮೇಲೆ ನಕ್ಷೆ ಹಾಸಿದ. ನಡುವೆ ದೊಡ್ಡದೊಂದು ಹಸಿರು ಗುಂಡು. ಅದು ನಮ್ಮ ಓಣಿಯ ಬಯಲಿನಲ್ಲಿದ್ದ ಹಳೆಯ ಹುಣಸೆ ಮರವೆಂದು ತಿಳಿದು "ಭಾಳ ಚಲೋ ಆತ್ರಿ" ಎಂದೆ. ಅದು ಹುಲ್ಲುಹಾಸಂತೆ! ಮರ ಕಡಿದರು. ಆಮೇಲೆ ನೆರಳು ಬೇಕಲ್ಲ ಎಂದು ಅದೇ ಜಾಗದಲ್ಲಿ ಸಿಮೆಂಟಿನ ಕೊಡೆ ನಿಲ್ಲಿಸಿದರು. ಇಂಥ ಶಾಣ್ಯಾತನಕ್ಕೆ ಏನನ್ನಬೇಕು? ಸುತ್ತ ಬೇಲಿ, ಗೇಟಿಗೆ ಬೀಗ, ಸಂಜೆ ಐದಕ್ಕಷ್ಟೇ ತೆಗೆಯುವುದು. ನಮ್ಮ ಕಡೆಯ ತೊರಗಲ್ ಕೋಟೆ ಕಟ್ಟಿದವರು ಕೂಡ ಒಳಗೆ ಕಾಯುವಂಥದ್ದೇನಿದೆ ಎಂದು ನೋಡಿಯೇ ಬಾಗಿಲು ಇಡಿಸಿದ್ದಾರು. ಇಲ್ಲಿ ಒಳಗಿದ್ದದ್ದು ನಾಲ್ಕು ಒಣಗಿದ ಕ್ರೋಟನ್ ಗಿಡ, ಒಂದು ಕಬ್ಬಿಣದ ಜೋಕಾಲಿ.

ಆ ಹುಣಸೆ ಮರಕ್ಕೆ ಪ್ರತಿ ನಾಗರ ಪಂಚಮಿಗೆ ಓಣಿಯವರು ಜೋಕಾಲಿ ಕಟ್ಟುತ್ತಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ ಜೀಕುತ್ತಿದ್ದರು. ರಾಮದುರ್ಗಕ್ಕೆ ಕೊಟ್ಟ ನಮ್ಮಕ್ಕ ವರ್ಷಕ್ಕೊಮ್ಮೆ ಬರುವುದೇ ಅದಕ್ಕೆ. ಅತ್ತೆ, ಅಡಿಗೆ, ಹೊಲ, ದನ ಎಲ್ಲ ಬಿಟ್ಟು ಆಕೆ ತನ್ನ ಪಾಡಿಗೆ ತಾನಿರುತ್ತಿದ್ದ ಹೊತ್ತು ಅದೊಂದೇ.

ಆ ವರ್ಷವೂ ಬಂದಳು. ಬೇಲಿಗೆ ಕೈಯಿಟ್ಟು ಮರವಿಲ್ಲದ ಬಯಲನ್ನು ನೋಡಿದಳು. ಸಂಜೆ ಗೇಟು ತೆಗೆದಾಗ ನನ್ನ ಜೊತೆ ಒಳಗೆ ಬಂದು, ಇದಾದರೂ ಇರಲಿ ಎಂದು ಕಬ್ಬಿಣದ ಜೋಕಾಲಿಯ ಮೇಲೆ ಕೂತಳು. ಕಾವಲುಗಾರ ಮೌಲಾಸಾಬ ಓಡಿ ಬಂದ.

"ಅಕ್ಕಾರ, ಇದು ಸಣ್ಣ ಹುಡುಗರಿಗಷ್ಟರಿ. ಬೋರ್ಡ್ ಹಾಕ್ಯಾರ. ನಾ ಏನ್ ಮಾಡ್ಲಿರಿ, ನನ್ನ ನೌಕರಿ ಹೋಗ್ತೈತಿ."

ಅಕ್ಕ ಬೋರ್ಡು ಓದಿದಳು. "ಚಿಕ್ಕ ಮಕ್ಕಳ ಹಿತದೃಷ್ಟಿಯಿಂದ" ಎಂದೇ ಇತ್ತು. ಒಂದಕ್ಷರ ಬದಲಿಸಿರಲಿಲ್ಲ.

"ಇದನ್ನ ಯಾರ ಬರದ್ರಪಾ?"

ಮೌಲಾಸಾಬ ನನ್ನ ಕಡೆ ನೋಡಿದ. ಅರ್ಜಿ ನನ್ನದೆಂದು ಒಪ್ಪಿಕೊಂಡೆ.

"ಅರ್ಜ್ಯಾಗ ನಮ್ಮನ್ಯಾಕ ಬರೀಲಿಲ್ಲೋ ತಮ್ಮಾ? ನಾವು ಈ ಊರಾಗ ಹುಟ್ಟಿಲ್ಲೇನು?"

ಎಂಜಿನಿಯರನನ್ನು ಬೈಯಬೇಕೆಂದು ಬಾಯಿ ತೆರೆದೆ. ಅವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ನಕ್ಷೆ ಹಾಸಿದ ದಿನ ಒಳಗಿನಿಂದ ಚಹಾ ತಂದಿಟ್ಟ ಹೆಂಡತಿಗೆ "ನೀನೂ ಒಮ್ಮೆ ನೋಡು" ಎನ್ನಬೇಕೆಂದು ನನಗೇ ಹೊಳೆದಿರಲಿಲ್ಲ.

ಅಕ್ಕ ಇಳಿದು, ಚೀಲದಿಂದ ಪಂಚಮಿಯ ಉಂಡಿ ತೆಗೆದಳು. ಮೌಲಾಸಾಬನ ಕೈಗೆ ಎರಡು ಇಟ್ಟಳು. ನನಗೆ ಕೊಡಲಿಲ್ಲ.